ಆಕಾಶದಿಂದ ಬರುವ ಮಾರುತ್ತರ

ಆಷಾಢದ ಗಾಳಿಗೆ ಪಟ ಬಿಡುವ ಹುಡುಗನ ಕೈಯಲ್ಲಿರುವ ದಾರ ಎರಡು ಕೆಲಸ ಮಾಡುತ್ತದೆ. ಜಗ್ಗಿದರೆ ಪಟ ಮೇಲೇರುತ್ತದೆ, ಸಡಿಲ ಬಿಟ್ಟರೆ ದೂರ ಸರಿಯುತ್ತದೆ. ಇದು ನೆಲದಿಂದ ಆಕಾಶಕ್ಕೆ ಹೋಗುವ ಅಪ್ಪಣೆ. ಮೇಲೆ ಗಾಳಿ ಎಷ್ಟಿದೆ, ಪಟ ನೆಟ್ಟಗಿದೆಯೇ, ಗೋತಾ ಹೊಡೆಯಲಿದೆಯೇ ಎಂಬುದನ್ನು ಅದೇ ದಾರದ ಬಿಗಿತ ಬೆರಳಿಗೆ ತಿಳಿಸುತ್ತದೆ. ಇದು ಆಕಾಶದಿಂದ ನೆಲಕ್ಕೆ ಬರುವ ವರದಿ.

ರಿಮೋಟ್ ವಿಮಾನ ಹಾರಿಸುವವನಿಗೆ ದಾರದ ಅನುಕೂಲವಿಲ್ಲ. ಅವನ ಅಪ್ಪಣೆಯನ್ನು ರೇಡಿಯೊ ತರಂಗ ಒಯ್ಯುತ್ತದೆ. ಆದರೆ ವರದಿ ತರುವುದು ಯಾವುದು? ಆಟದ ವಿಮಾನಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಿಗಲು ಹಲವು ದಶಕಗಳೇ ಬೇಕಾದವು. ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರನ್ನು ಮೊದಲ ದಿನವೇ ಎದುರುಗೊಳ್ಳುವ ‘ಟೆಲಿಮೆಟ್ರಿ’ ಎಂಬ ಪದದ ಹಿಂದಿರುವುದು ಇದೇ ಕಥೆ.

ಒಮ್ಮುಖದ ಮಾತು

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ಓಡಿಸಿ ತೋರಿಸಿದ. ದೋಣಿಯೊಳಗೆ ಪಳಗಿಸಿದ ಕೋತಿ ಕುಳಿತಿದೆಯೆಂದು ಕೆಲವರು ಶಂಕಿಸಿದರಂತೆ. 64ರ ಘನಮೂಲ ಎಷ್ಟೆಂದು ಯಾರೋ ಕೇಳಿದಾಗ ದೋಣಿಯ ದೀಪ ನಾಲ್ಕು ಬಾರಿ ಮಿನುಗಿ ಜನ ದಂಗಾದರೆಂಬ ಕಥೆಯೂ ಇದೆ. ಆ ಉತ್ತರ ದೋಣಿಯದಲ್ಲ, ಗುಂಡಿ ಒತ್ತುತ್ತಿದ್ದ ಟೆಸ್ಲಾನದೇ. ಅಪ್ಪಣೆಯನ್ನು ಪಾಲಿಸುವುದಷ್ಟೇ ದೋಣಿಗೆ ತಿಳಿದಿತ್ತು. ತನ್ನ ಸ್ಥಿತಿ ಹೇಳಿಕೊಳ್ಳುವುದು ತಿಳಿದಿರಲಿಲ್ಲ.

ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೊ ನಿಯಂತ್ರಣದಲ್ಲಿ ಹಾರಿಸಿದರು. ಈ ಹವ್ಯಾಸದ ಮೂಲಪುರುಷನಂತಿರುವ ಆ ವಿಮಾನ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ವರ್ಷಗಳ ಸಾಮಾನ್ಯ ಉಪಕರಣ ಬಹಳ ಸರಳವಾಗಿತ್ತು. ಹುರಿ ಹಾಕಿದ ರಬ್ಬರ್ ಪಟ್ಟಿಯ ಬಲವನ್ನು ಒಂದು ಕೊಂಡಿ ತಡೆದಿಡುತ್ತಿತ್ತು. ಗುಂಡಿ ಒಮ್ಮೆ ಒತ್ತಿದರೆ ಬಾಲದ ಚುಕ್ಕಾಣಿ ಒಂದು ಬದಿಗೆ, ಮತ್ತೆ ಒತ್ತಿದರೆ ಇನ್ನೊಂದು ಬದಿಗೆ ಹೊರಳುತ್ತಿತ್ತು. ‘ಸ್ವಲ್ಪ ಎಡಕ್ಕೆ’ ಎಂಬ ಮಾತೇ ಅದಕ್ಕೆ ಗೊತ್ತಿರಲಿಲ್ಲ. ತಿರುಗಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ಬಳಿಕ ಹಾರ್ಮೋನಿಯಮ್ಮಿನಲ್ಲಿರುವಂತಹ ಲೋಹದ ರೀಡುಗಳನ್ನು ಗ್ರಾಹಕದಲ್ಲಿ ಕೂರಿಸಿದರು. ನೆಲದಿಂದ ಬಂದ ಸ್ವರಕ್ಕೆ ಹೊಂದುವ ರೀಡು ಕಂಪಿಸಿ ತನ್ನ ಪಾಲಿನ ಮೋಟಾರನ್ನು ಚಾಲೂ ಮಾಡುತ್ತಿತ್ತು.

ಇಂದಿನ ಕಡ್ಡಿಗಳ ಪದ್ಧತಿ 1960ರ ದಶಕದಲ್ಲಿ ನೆಲೆಯೂರಿತು. ಕಡ್ಡಿಯನ್ನು ಎಷ್ಟು ಸರಿಸಿದರೆ ರೆಕ್ಕೆಯ ಪಟ್ಟಿಯೂ ಅಷ್ಟೇ ಸರಿಯುತ್ತದೆ. ಸರ್ವೋ ಎಂಬ ಪುಟ್ಟ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಮಿಡಿತಗಳು ತಲುಪುತ್ತವೆ. ಮಿಡಿತದ ಅವಧಿ 1 ಮಿಲಿಸೆಕೆಂಡ್ ಇದ್ದರೆ ಸರ್ವೋ ಒಂದು ಕೊನೆಗೆ, 2 ಇದ್ದರೆ ಇನ್ನೊಂದು ಕೊನೆಗೆ, ಒಂದೂವರೆ ಇದ್ದರೆ ನಟ್ಟನಡುವೆ ನಿಲ್ಲುತ್ತದೆ. ಅಪ್ಪಣೆಯ ಭಾಷೆ ಹೀಗೆ ನಾಜೂಕಾಯಿತು. ಆದರೂ ಮಾತು ಒಮ್ಮುಖವಾಗಿಯೇ ಉಳಿಯಿತು.

ಬಾವುಟದ ಕಾಲ, ಜಿಗಿತದ ಕಾಲ

ಆ ಕಾಲದ ದೊಡ್ಡ ಭಯವೆಂದರೆ ಪಕ್ಕದವನ ರೇಡಿಯೊ. ಒಂದೇ ಕಂಪನಾಂಕದಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಹಾರುತ್ತಿರುವ ವಿಮಾನ ಯಾರ ಮಾತನ್ನೂ ಕೇಳದೆ ನೆಲಕ್ಕೆ ಬೀಳುತ್ತಿತ್ತು. ಅಮೆರಿಕದಲ್ಲಿ 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲಾರಿ ಚಾಲಕರ ಹರಟೆಯ ರೇಡಿಯೊಗಳೂ ಸೇರಿಕೊಂಡವು. ಅಲ್ಲಿ 72, ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್ ಮಾದರಿ ವಿಮಾನಗಳ ಪಾಲಾಯಿತು. ಪ್ರತಿಯೊಬ್ಬರ ಸೆಟ್ಟಿನಲ್ಲೂ ನಿರ್ದಿಷ್ಟ ವಾಹಿನಿಯ ಸ್ಫಟಿಕವಿರುತ್ತಿತ್ತು. ಏರಿಯಲ್ಲಿಗೆ ವಾಹಿನಿ ಸಾರುವ ಬಾವುಟ ಕಟ್ಟುವುದು, ಮೈದಾನದ ಹಲಗೆಯಿಂದ ತನ್ನ ವಾಹಿನಿಯ ಕ್ಲಿಪ್ ತೆಗೆದುಕೊಂಡ ಮೇಲಷ್ಟೇ ಸ್ವಿಚ್ ಹಾಕುವುದು ಕ್ಲಬ್ಬುಗಳ ಕಟ್ಟುನಿಟ್ಟಾದ ಶಿಸ್ತಾಗಿತ್ತು.

ಈ ಶಿಸ್ತಿನ ಹೊರೆ ಇಳಿದದ್ದು 2005ರ ಆಸುಪಾಸಿನಿಂದ, 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದ ಮೇಲೆ. ಹಲವು ಸೆಟ್ಟುಗಳಲ್ಲಿ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಒಪ್ಪಿದ ಅನುಕ್ರಮದಲ್ಲಿ ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಸೆಕೆಂಡಿಗೆ ಹತ್ತಾರು ಬಾರಿ ಜಿಗಿಯುತ್ತವೆ. ಇಬ್ಬರು ಎಲ್ಲೋ ಒಮ್ಮೆ ಡಿಕ್ಕಿಯಾದರೂ ಮರುಕ್ಷಣ ಬೇರೆಯಾಗುತ್ತಾರೆ. ಹಾಲಿವುಡ್ ತಾರೆ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಇಂತಹುದೇ ಜಿಗಿತಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಉದ್ದೇಶ ಟಾರ್ಪೆಡೊವನ್ನು ಶತ್ರುವಿನ ಅಡ್ಡಿಯಿಲ್ಲದೆ ನಡೆಸುವುದು. ಪಿಯಾನೊದ ಮನೆಗಳಷ್ಟೇ, ಅಂದರೆ 88 ಕಂಪನಾಂಕಗಳನ್ನು ಅವರು ಸೂಚಿಸಿದ್ದರು.

ಹೊಸ ಸೆಟ್ಟು ಕೊಂಡವರು ಮೊದಲು ಮಾಡಬೇಕಾದ ‘ಬೈಂಡಿಂಗ್’ ಎಂದರೆ ತನ್ನ ಯಜಮಾನ ಯಾರೆಂಬುದನ್ನು ರಿಸೀವರಿಗೆ ಗುರುತು ಹಚ್ಚಿಸುವುದು. ಒಂದು ಕಂಪನಿಯ ರಿಸೀವರ್ ಇನ್ನೊಂದರ ಭಾಷೆಯನ್ನು ಅರಿಯದಿರುವುದೇ ಹೆಚ್ಚು. ಆದ್ದರಿಂದ ಮೈದಾನದಲ್ಲಿ ಕಲಿಸುವವರ ಬಳಿ ಯಾವ ಪದ್ಧತಿಯ ಸೆಟ್ಟಿದೆ ಎಂದು ವಿಚಾರಿಸಿ ಕೊಳ್ಳುವುದು ಜಾಣತನ.

ದೂರದ ಅಳತೆ

ಟೆಲಿ ಎಂದರೆ ಗ್ರೀಕಿನಲ್ಲಿ ದೂರ, ಮೆಟ್ರಾನ್ ಎಂದರೆ ಅಳತೆ, ಕನ್ನಡದಲ್ಲಿ ದೂರಮಾಪನ. ಇದನ್ನು ಆಕಾಶಕ್ಕೆ ಏರಿಸಿದವರಲ್ಲಿ ಹವಾಮಾನ ವಿಜ್ಞಾನಿಗಳು ಮೊದಲಿಗರು. ಫ್ರಾನ್ಸಿನ ರಾಬರ್ ಬ್ಯೂರೊ 1929ರಲ್ಲಿ, ರಷ್ಯಾದ ಪಾವೆಲ್ ಮೊಲ್ಚನೋವ್ 1930ರಲ್ಲಿ ಬಲೂನಿಗೆ ಪುಟ್ಟ ರೇಡಿಯೊ ಕಟ್ಟಿ ಮೇಲಿನ ಹವೆಯ ವಿವರಗಳನ್ನು ನೆಲದಲ್ಲೇ ಕೇಳಿಸಿಕೊಂಡರು. ಅದಕ್ಕೆ ಮುಂಚೆ ಬಲೂನು ಎಲ್ಲೋ ಬಿದ್ದು, ಯಾರಿಗೋ ಸಿಕ್ಕಿ, ಉಪಕರಣ ಹಿಂದಿರುಗಿದರಷ್ಟೇ ಅಳತೆ ಗೊತ್ತಾಗುತ್ತಿತ್ತು.

ಉಪಗ್ರಹಗಳಿಗಂತೂ ಇದು ಉಸಿರೇ ಸರಿ. 1975ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಕಕ್ಷೆಯಲ್ಲಿ ಕ್ಷೇಮವಾಗಿದೆಯೇ ಎಂದು ತಿಳಿದದ್ದು ಅದು ಕಳಿಸಿದ ಸಂಕೇತಗಳಿಂದ. 2008ರಲ್ಲಿ ಚಂದ್ರಯಾನಕ್ಕೆಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಕಿವಿಯನ್ನೇ ಕಟ್ಟಬೇಕಾಯಿತು. ಅಷ್ಟು ದೊಡ್ಡ ಏರ್ಪಾಟಿನ ತತ್ತ್ವವೇ ಇಂದು ಹೆಬ್ಬೆರಳಿನ ಉಗುರಿನಷ್ಟು ಅಗಲದ ರಿಸೀವರಿನೊಳಗೆ ಕುಳಿತಿದೆ. ಅಪ್ಪಣೆಗಳ ನಡುವಿನ ಬಿಡುವಿನಲ್ಲಿ ರಿಸೀವರ್ ತಾನೇ ಟ್ರಾನ್ಸ್‌ಮಿಟರಾಗಿ ವರದಿ ಒಪ್ಪಿಸುತ್ತದೆ.

ಕಲಿಯುವವನಿಗೆ ಎಷ್ಟು ಬೇಕು?

ವೇಗ, ಎತ್ತರ, ಶಾಖ, ಉಪಗ್ರಹ ನೆರವಿನ ಸ್ಥಾನ ಹೀಗೆ ವರದಿಯ ಪಟ್ಟಿ ಉದ್ದವಿದೆ. ಹೊಸಬನಿಗೆ ಎರಡು ಸಾಕು. ಮೊದಲನೆಯದು ಬ್ಯಾಟರಿಯ ವೋಲ್ಟೇಜು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶ ತುಂಬಿದಾಗ 4.2 ವೋಲ್ಟ್, ಹಾರಾಟದಲ್ಲಿ ಸುಮಾರು 3.5ಕ್ಕೆ ಇಳಿದರೆ ಮನೆಗೆ ಮರಳುವ ಹೊತ್ತು. ವಿದ್ಯುತ್ ವಿಮಾನಗಳಲ್ಲಿ ಮೋಟಾರಿಗೂ ರಿಸೀವರಿಗೂ ಸಾಮಾನ್ಯವಾಗಿ ಒಂದೇ ಬ್ಯಾಟರಿಯಾದ್ದರಿಂದ ಅದು ಬರಿದಾದರೆ ಮೊದಲು ಮೋಟಾರು ನಿಲ್ಲುತ್ತದೆ, ಆಮೇಲೆ ನಿಯಂತ್ರಣವೇ ಹೋಗುತ್ತದೆ. ಎರಡನೆಯದು ವಿಮಾನಕ್ಕೆ ನೆಲದ ಮಾತು ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬ ಸಂಕೇತಬಲ.

ಮೋಟಾರಿಲ್ಲದ ಗ್ಲೈಡರ್ ಹಾರಿಸುವವರಿಗೆ ಮೂರನೆಯದೊಂದು ಬೇಕಾಗುತ್ತದೆ. ಬಿಸಿಗಾಳಿ ಮೇಲೇಳುವ ಜಾಗವನ್ನು ಹದ್ದು ರೆಕ್ಕೆ ಬಡಿಯದೆಯೇ ಕಂಡುಕೊಳ್ಳುತ್ತದೆ. ನೆಲದ ಬಳಿ ಎಂಟು ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು ಒಂದು ಮಿಲಿಬಾರ್ ಕಡಿಮೆಯಾಗುತ್ತದೆ. ಇದರ ಎಷ್ಟೋ ಪಾಲು ಚಿಕ್ಕ ವ್ಯತ್ಯಾಸವನ್ನೂ ಅಳೆದು, ಏರುವಾಗ ಏರುವ ಸ್ವರವನ್ನು, ಇಳಿಯುವಾಗ ಇಳಿಯುವ ಸ್ವರವನ್ನು ಕೇಳಿಸುವ ಉಪಕರಣ ಹದ್ದಿನ ಆ ಅರಿವಿನ ಒಂದಂಶವನ್ನು ಮನುಷ್ಯನಿಗೆ ಕೊಡುತ್ತದೆ.

ಸ್ವರ ಎಂಬುದು ಇಲ್ಲಿ ಮುಖ್ಯ. ಪರದೆಯ ಮೇಲಿನ ಅಂಕಿ ಓದಲು ಎರಡು ಸೆಕೆಂಡ್ ತಲೆ ತಗ್ಗಿಸಿದರೂ ಗಂಟೆಗೆ 50 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ 28 ಮೀಟರ್ ಸಾಗಿರುತ್ತದೆ. ಮತ್ತೆ ಕಣ್ಣೆತ್ತಿದಾಗ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಕಲಿಯುವವನು ಕಂಗೆಡುತ್ತಾನೆ. ಎಚ್ಚರಿಕೆಗಳೆಲ್ಲ ಕಿವಿಗೆ ಬೀಳುವಂತೆ ಹೊಂದಿಸಿ, ಕಣ್ಣನ್ನು ವಿಮಾನಕ್ಕೇ ಮೀಸಲಿಡಬೇಕು.

ಮಾತು ನಿಂತಾಗ

ದೂರಮಾಪನದ ದೌರ್ಬಲ್ಯವೂ ಒಂದಿದೆ. ಸಂಪರ್ಕ ಚೆನ್ನಾಗಿರುವಾಗ ಅದು ಬಾಯಿತುಂಬ ಮಾತನಾಡುತ್ತದೆ. ಸಂಪರ್ಕ ಕೆಟ್ಟಾಗ, ಅಂದರೆ ಅತ್ಯಂತ ಬೇಕಾದಾಗ, ಸುಮ್ಮನಾಗುತ್ತದೆ. ಎಷ್ಟೋ ಸೆಟ್ಟುಗಳಲ್ಲಿ ವಿಮಾನದಿಂದ ಬರುವ ದನಿ ನೆಲದ ದನಿಗಿಂತ ಕ್ಷೀಣ. ಆದ್ದರಿಂದ ಮೊದಲು ಕಳೆದುಹೋಗುವುದು ವರದಿ, ಅಪ್ಪಣೆಯಲ್ಲ. ‘ಟೆಲಿಮೆಟ್ರಿ ಹೋಯಿತು’ ಎಂದು ಯಂತ್ರ ಕೂಗಿದರೆ ಗಾಬರಿಯಾಗದೆ ವಿಮಾನವನ್ನು ಹತ್ತಿರಕ್ಕೆ ತಿರುಗಿಸಬೇಕು.

ಅಪ್ಪಣೆಯೂ ನಿಂತರೆ ಏನು ಮಾಡಬೇಕೆಂದು ರಿಸೀವರಿಗೆ ಮೊದಲೇ ಹೇಳಿಟ್ಟಿರಬೇಕು. ಇದೇ ಫೇಲ್‌ಸೇಫ್. ಇದರಲ್ಲಿ ಮೋಟಾರು ನಿಲ್ಲುವಂತೆ ಗೊತ್ತು ಮಾಡಿರುವುದು ಅತ್ಯಗತ್ಯ. ತಿರುಗುವ ಪ್ರೊಪೆಲ್ಲರ್ ಬೆರಳು ಕತ್ತರಿಸಬಲ್ಲದು. ಒಂದೆರಡು ಕಿಲೋ ತೂಕದ ವಿಮಾನ ಹಿಡಿತ ತಪ್ಪಿ ಪೂರ್ತಿ ವೇಗದಲ್ಲಿ ಜನರ ಮೇಲೆ ನುಗ್ಗಿದರೆ ಅದು ಆಟವಾಗಿ ಉಳಿಯುವುದಿಲ್ಲ. ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರು ಓಡಿಸಿ, ಟ್ರಾನ್ಸ್‌ಮಿಟರ್ ಆರಿಸಿ ನೋಡಿದರೆ ಪರೀಕ್ಷೆ ಒಂದು ನಿಮಿಷದ ಕೆಲಸ.

ಇನ್ನೊಂದು ನಿಮಿಷ ದೂರಪರೀಕ್ಷೆಗೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ತಗ್ಗಿಸುವ ವ್ಯವಸ್ಥೆ ಬಳಸಿ, ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ ಮೂವತ್ತು ಹೆಜ್ಜೆ ನಡೆದು, ರೆಕ್ಕೆಯ ಪಟ್ಟಿಗಳು ಮಾತು ಕೇಳುತ್ತಿವೆಯೇ ಎಂದು ನೋಡಬೇಕು. ಏರಿಯಲ್ಲಿನ ತುದಿಯಿಂದ ಹೊರಡುವ ತರಂಗ ತೀರಾ ಕಡಿಮೆಯಾದ್ದರಿಂದ ತುದಿಯನ್ನು ವಿಮಾನಕ್ಕೆ ಗುರಿಯಿಡಬಾರದು. ವಿಮಾನದೊಳಗೆ ಎರಡು ಏರಿಯಲ್ ಇದ್ದರೆ ಒಂದಕ್ಕೊಂದು ಲಂಬವಾಗಿ, ಬ್ಯಾಟರಿಯಿಂದ ದೂರ ಇರಿಸಬೇಕು. ಎಲ್ಲಿ ಹಾರಿಸಬಹುದೆಂಬುದಕ್ಕೆ ಭಾರತದಲ್ಲಿ 2021ರ ಡ್ರೋನ್ ನಿಯಮಗಳಿವೆ. ಮಾದರಿ ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕೆಂಬುದು ಆ ನಿಯಮಗಳಲ್ಲಿದೆ. ವಿಮಾನ ನಿಲ್ದಾಣಗಳ ಸುತ್ತಮುತ್ತ ನಿರ್ಬಂಧಗಳೂ ಇವೆ.

ಬೆಲೆ ಬಾಳುವ ಸೆಟ್ಟು ಕೊಂಡವರಿಗೆ ನೂರೆಂಟು ಅಂಕಿಗಳು ಸಿಗುತ್ತವೆ. ಆದರೆ ನೆಲ ಬಿಡುವ ಮುನ್ನ ಈ ಎರಡು ನಿಮಿಷಗಳನ್ನು ಕೊಡುವ ತಾಳ್ಮೆ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಬಹುತೇಕ ವಿಮಾನಗಳು ಕ್ಷೇಮವಾಗಿ ಇಳಿಯುವುದು ಅದರಿಂದಲೇ.