ಶಾಲೆಯ ವರ್ಷಾಂತ್ಯ ಮತ್ತು ಬೇಸಗೆಯ ನಲುವತ್ತೈದು ದಿನಗಳು

ಬ್ಯಾಂಕುಗಳ ವರ್ಷವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಂದು ಲೆಕ್ಕಗಳನ್ನು ತಾಳೆ ನೋಡಿ ಉಳಿದ ಶಿಲ್ಕನ್ನು ಮರುದಿನದ ಹೊಸ ಪುಸ್ತಕಕ್ಕೆ ಮುಂದೊಯ್ಯುತ್ತಾರೆ. ಬೆಳಗಾಗುವುದರೊಳಗೆ ಅದರಲ್ಲಿ ಒಂದು ಪೈಸೆಯೂ ಕರಗುವುದಿಲ್ಲ. ಶಾಲೆಯ ವರ್ಷ ಹಾಗಲ್ಲ. ಮೇ ತಿಂಗಳ ಆರಂಭದಲ್ಲಿ ಕೈಗೆ ಬರುವ ಪ್ರಗತಿ ಪುಸ್ತಕದಲ್ಲಿ ನಮೂದಾದ ವಿದ್ಯೆಯು ಜೂನ್ ಮಧ್ಯದಲ್ಲಿ ಶಾಲೆ ತೆರೆಯುವಾಗಲೂ ಅಷ್ಟೇ ಇರುತ್ತದೆಂದು ಯಾವ ಅಧ್ಯಾಪಕರೂ ಹೇಳಲಾರರು. ನಡುವಣ ನಲುವತ್ತೈದು ದಿನಗಳಲ್ಲಿ ಕೆಲವು ಮಕ್ಕಳ ಶಿಲ್ಕು ಕರಗುತ್ತದೆ, ಕೆಲವರದು ಬೆಳೆಯುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಕುಟುಂಬಗಳಿಗೆ ಈ ದಿನಗಳ ಮಹತ್ವ ಇನ್ನೂ ಒಂದು ಕಾರಣದಿಂದ ಹೆಚ್ಚು. ಊರಿನ ಭಾಷೆಯನ್ನು ಮಕ್ಕಳ ಕಿವಿಗೂ ಕಣ್ಣಿಗೂ ತಲುಪಿಸಲು ವರ್ಷದಲ್ಲಿ ದೊರೆಯುವ ದೀರ್ಘಾವಕಾಶ ಇದೊಂದೇ.

ಮೊದಲು ಕಾಲಪಟ್ಟಿಯನ್ನು ನೋಡೋಣ. ಮಹಾರಾಷ್ಟ್ರ ರಾಜ್ಯದ ಪಠ್ಯಕ್ರಮವನ್ನು ಅನುಸರಿಸುವ ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆಗಳು ಏಪ್ರಿಲ್ ತಿಂಗಳಲ್ಲಿ ನಡೆಯುತ್ತವೆ. 2025ರಲ್ಲಿ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಇಡೀ ರಾಜ್ಯಕ್ಕೆ ಏಪ್ರಿಲ್ 8ರಿಂದ 25ರವರೆಗಿನ ಒಂದೇ ವೇಳಾಪಟ್ಟಿಯನ್ನು ವಿಧಿಸಲಾಗಿತ್ತು. ಫಲಿತಾಂಶ ಬಂದ ಮೇಲೆ ಮೇ 2ರ ಸುಮಾರಿಗೆ ರಜೆ, ಜೂನ್ 15ರ ಆಚೀಚೆ ಪುನರಾರಂಭ. ಕರ್ನಾಟಕದಲ್ಲಾದರೋ ಏಪ್ರಿಲ್ 10ಕ್ಕೇ ಶಾಲೆ ಮುಚ್ಚಿ ಮೇ ಕೊನೆಯ ವಾರದಲ್ಲಿ ತೆರೆಯುತ್ತದೆ. ಹೀಗಾಗಿ ಡೊಂಬಿವಲಿಯ ಹುಡುಗ ಊರಿಗೆ ಮುಟ್ಟುವ ಹೊತ್ತಿಗೆ ಅಲ್ಲಿಯ ಚಿಕ್ಕಪ್ಪನ ಮಕ್ಕಳ ರಜೆ ಅರ್ಧದಷ್ಟು ಕಳೆದಿರುತ್ತದೆ. ಮೇ 29ರ ಸುಮಾರಿಗೆ ಅವರು ಚೀಲ ಹೆಗಲಿಗೇರಿಸಿ ಹೊರಟಾಗ ಇವನೊಬ್ಬನೇ ಜಗುಲಿಯಲ್ಲಿ ಉಳಿಯುತ್ತಾನೆ. ಕೇಂದ್ರೀಯ ಮಂಡಳಿಯ ಶಾಲೆಗಳದು ಮತ್ತೊಂದು ರೀತಿ. ಅಲ್ಲಿ ಹೊಸ ತರಗತಿಯು ಏಪ್ರಿಲ್‌ನಲ್ಲಿಯೇ ಆರಂಭವಾಗಿ, ಒಂದೆರಡು ಪಾಠಗಳು ನಡೆದ ಮೇಲೆ ರಜೆ ಬರುತ್ತದೆ. ಆ ಮಕ್ಕಳಿಗೆ ಮರೆಯಲು ಹೊಸ ಪಾಠಗಳೂ ಇರುತ್ತವೆ!

ಊರಿಗೆ ಹೋಗುವ ಯೋಚನೆಯೂ ಈ ಪಟ್ಟಿಯನ್ನು ಹೊಂದಿಕೊಂಡೇ ಇರಬೇಕು. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಂದರೆ ಮೇ ಮೊದಲ ವಾರದ ಮತ್ಸ್ಯಗಂಧಾ ಅಥವಾ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮಾರ್ಚ್ ಮೊದಲ ವಾರದಲ್ಲೇ ಪ್ರಯತ್ನಿಸಬೇಕು. ಪರೀಕ್ಷೆಯ ದಿನಾಂಕ ಅಷ್ಟರೊಳಗೆ ಖಚಿತವಾಗಿರುವುದು ಅಪರೂಪ. ಟಿಕೆಟ್ಟಿಗಾಗಿ ಕೊನೆಯ ಪರೀಕ್ಷೆಯನ್ನು ಬಿಡಿಸುವ ಪಾಲಕರೂ ಇದ್ದಾರೆಂಬುದು ವಿಷಾದಕರ.

ಪ್ರಗತಿ ಪುಸ್ತಕವನ್ನು ಓದುವ ಬಗೆ ಎಂತು? ಅನೇಕ ಮನೆಗಳಲ್ಲಿ ಅದಕ್ಕೆ ಸಹಿ ಹಾಕುತ್ತಾರೆ, ಓದುವುದಿಲ್ಲ. ರಾಜ್ಯ ಪಠ್ಯಕ್ರಮದ ಪದ್ಧತಿಯಲ್ಲಿ 91ಕ್ಕೆ ಮೇಲ್ಪಟ್ಟರೆ ಅ-1 ಎಂಬುದಕ್ಕೆ ಸಮನಾದ ಇಂಗ್ಲಿಷ್ ಅಕ್ಷರದ ಶ್ರೇಣಿ, ಅಲ್ಲಿಂದ ಹತ್ತು ಹತ್ತು ಅಂಕಗಳಿಗೆ ಒಂದೊಂದು ಮೆಟ್ಟಿಲು ಇಳಿಯುತ್ತ 41ರವರೆಗೆ. 33ರಿಂದ 40ರವರೆಗೆ ಡಿ. ಅದರ ಕೆಳಗಿನವು ಇ. ಆದರೆ ಶ್ರೇಣಿಗಿಂತ ಉಪಯುಕ್ತವಾದುದು ಅದರ ಪಕ್ಕದಲ್ಲಿ ಅಧ್ಯಾಪಕರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಒಂದೆರಡು ಸಾಲುಗಳ ವರ್ಣನೆ. ‘ಶಬ್ದರೂಪದ ಲೆಕ್ಕಗಳಲ್ಲಿ ಅಭ್ಯಾಸ ಬೇಕು’ ಎಂದು ಅಲ್ಲಿದ್ದರೆ ಬೇಸಗೆಯ ಕೆಲಸ ಯಾವುದೆಂದು ತಿಳಿಯಿತು. ಮರಾಠಿ ಬಾರದ ತಾಯಿಯು ಆ ಸಾಲನ್ನು ನೆರೆಮನೆಯವರಿಂದ ಓದಿಸಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ಐದನೆಯ ಮತ್ತು ಎಂಟನೆಯ ತರಗತಿಯ ಮಕ್ಕಳ ಪಾಲಕರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ತರಗತಿ ಮುಗಿಯುವವರೆಗೆ ಯಾರನ್ನೂ ಅನುತ್ತೀರ್ಣಗೊಳಿಸುವಂತಿರಲಿಲ್ಲ. 2019ರ ತಿದ್ದುಪಡಿಯು ಈ ಎರಡು ತರಗತಿಗಳಲ್ಲಿ ಪರೀಕ್ಷೆ ನಡೆಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮಹಾರಾಷ್ಟ್ರವು 2023ರಲ್ಲಿ ಅದನ್ನು ಅಂಗೀಕರಿಸಿತು. ತೇರ್ಗಡೆಯಾಗದ ವಿದ್ಯಾರ್ಥಿಗೆ ಹೆಚ್ಚಿನ ಪಾಠ ಕೊಟ್ಟು, ಫಲಿತಾಂಶದಿಂದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು. ಅದರಲ್ಲಿಯೂ ಸೋತರೆ ಮಾತ್ರ ಅದೇ ತರಗತಿಯಲ್ಲಿ ಉಳಿಸಬಹುದು. ‘ಹೇಗೂ ಮೇಲಕ್ಕೆ ಹಾಕುತ್ತಾರೆ’ ಎಂಬ ಹಳೆಯ ನಂಬಿಕೆಯಲ್ಲಿ ಊರಿಗೆ ಹೊರಟವರು ಮರುಪರೀಕ್ಷೆಯ ದಿನಾಂಕವನ್ನು ಶಾಲೆಯಲ್ಲಿ ಕೇಳಿ ಬರೆದಿಟ್ಟುಕೊಂಡೇ ಹೊರಡತಕ್ಕದ್ದು.

ರಜೆಯ ಮರೆವು ಕೇವಲ ಅಧ್ಯಾಪಕರ ಗೊಣಗಾಟವಲ್ಲ. 1996ರಲ್ಲಿ ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಬೇಸಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಸರಿಯುತ್ತಾರೆಂದು ಕಂಡುಬಂತು. ಲೆಕ್ಕ ಮಾಡುವುದು ಮತ್ತು ಕಾಗುಣಿತ ಇವೆರಡಕ್ಕೆ ಹೆಚ್ಚಿನ ಪೆಟ್ಟು; ಓದಿನಲ್ಲಿ ಮನೆಯಲ್ಲಿ ಪುಸ್ತಕವಿದ್ದವರ ಮಕ್ಕಳು ಹಿಂದೆ ಬೀಳಲಿಲ್ಲ, ಬಡವರ ಮಕ್ಕಳು ಬಿದ್ದರು. ಈ ನಷ್ಟದ ಪ್ರಮಾಣದ ಬಗ್ಗೆ ಮುಂದೆ ವಿದ್ವಾಂಸರಲ್ಲಿ ವಿವಾದವೆದ್ದುದುಂಟು. ಆದರೆ ದೀರ್ಘ ವಿರಾಮ ಏನು ಮಾಡಬಲ್ಲದೆಂಬುದನ್ನು ಕೋವಿಡ್ ಕಾಲ ಭಾರತಕ್ಕೇ ತೋರಿಸಿಕೊಟ್ಟಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇಕಡಾ 92 ಮಕ್ಕಳು ಭಾಷೆಯಲ್ಲಿ ಮತ್ತು ಶೇಕಡಾ 82 ಮಕ್ಕಳು ಗಣಿತದಲ್ಲಿ ಮೊದಲಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ನಲುವತ್ತೈದು ದಿನಗಳಿಗೂ ವರ್ಷದ ಮುಚ್ಚುಗಡೆಗೂ ಹೋಲಿಕೆಯಿಲ್ಲ, ನಿಜ. ಕರಗುವ ಬಗೆ ಮಾತ್ರ ಒಂದೇ.

ಇದಕ್ಕೆ ಮದ್ದೆಂದು ಬೆಳಗಿನಿಂದ ಸಂಜೆಯ ತನಕ ಕೋಚಿಂಗ್ ತರಗತಿಗೆ ಅಟ್ಟುವುದು ಮಕ್ಕಳಿಗೆ ಮಾಡುವ ಅನ್ಯಾಯ. ದಿನಕ್ಕೆ ಅರ್ಧ ಗಂಟೆಯ ಓದು, ಕಾಲು ಗಂಟೆಯ ಲೆಕ್ಕ ಸಾಕು, ಉಳಿದುದು ಆಟ. ಆ ಅರ್ಧ ಗಂಟೆ ಕನ್ನಡಕ್ಕೆ ಮೀಸಲಾದರೆ ಎರಡು ಪ್ರಯೋಜನ.

ದೇವನಾಗರಿಯಿಂದ ಕನ್ನಡಕ್ಕೆ

ಥಾಣೆ ಜಿಲ್ಲೆಯ ಕನ್ನಡದ ಮಗು ಇಂದು ಬಹುಪಾಲು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದೆ. ಮನೆಯ ಮಾತು ಎಷ್ಟೋ ಕಡೆ ತುಳು ಅಥವಾ ಕೊಂಕಣಿ. ಕನ್ನಡ ಲಿಪಿಯನ್ನು ಅದು ನೋಡುವುದು ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಮತ್ತು ಊರಿನ ಬಸ್ಸಿನ ಹಲಗೆಯಲ್ಲಿ. ಅಜ್ಜಿ ಬರೆದ ಕಾಗದವನ್ನು ಓದಲಾರದ ಮೊಮ್ಮಕ್ಕಳ ಪೀಳಿಗೆಯೊಂದು ಬೆಳೆದು ನಿಂತಿದೆ. ಆದರೆ ಈ ಮಗುವಿನ ಕೈಯಲ್ಲಿ ಪಾಲಕರು ಗಮನಿಸದ ಒಂದು ಬಂಡವಾಳವಿದೆ. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ಆದ್ದರಿಂದ ಮಗುವಿಗೆ ದೇವನಾಗರಿ ತಿಳಿದಿದೆ. ದೇವನಾಗರಿ ತಿಳಿದವನಿಗೆ ಕನ್ನಡ ವರ್ಣಮಾಲೆಯು ಪರಿಚಿತ ಮನೆಗೆ ಹೊಸ ಬಾಗಿಲು ಇದ್ದಂತೆ. ಕ, ಖ, ಗ, ಘ, ಙ ಎಂಬ ವರ್ಗಗಳ ಕ್ರಮ ಒಂದೇ. ಮರಾಠಿಯ ಬಾರಾಖಡಿಯೇ ಕನ್ನಡದ ಕಾಗುಣಿತ. ಹಿಂದಿಯ ಮಕ್ಕಳಿಗೆ ಕಷ್ಟವಾಗುವ ‘ಳ’ಕಾರ ಮರಾಠಿಯಲ್ಲಿ ಮೊದಲೇ ಇದೆ.

ಕಲಿಸಬೇಕಾದ ಹೊಸ ಸಂಗತಿಗಳು ಎರಡೇ ಎರಡು. ಒಂದು, ಹ್ರಸ್ವ ಎ ಮತ್ತು ಒ. ಮರಾಠಿಯ ಬರವಣಿಗೆಯಲ್ಲಿ ಈ ಭೇದವಿಲ್ಲದ ಕಾರಣ ಮಗು ‘ಎಲೆ’ಯನ್ನು ‘ಏಲೇ’ ಎಂದು ಓದುತ್ತದೆ. ‘ಕೊಡು’ ‘ಕೋಡು’ಗಳ ಅರ್ಥವ್ಯತ್ಯಾಸವನ್ನು ಬಾಯಲ್ಲಿ ಹೇಳಿಸಿ ತೋರಿಸಬೇಕು. ಎರಡು, ಒತ್ತಕ್ಷರ. ‘ಪುಸ್ತಕ’ ಎಂದು ದೇವನಾಗರಿಯಲ್ಲಿ ಬರೆಯುವಾಗ ಸಕಾರ ಅರ್ಧವಾಗಿ ತಕಾರ ಪೂರ್ಣವಾಗುತ್ತದೆ. ಕನ್ನಡದಲ್ಲಿ ಸಕಾರ ಪೂರ್ಣವಾಗಿ ನಿಂತು ತಕಾರ ಅದರ ಅಡಿಗೆ ಸೇರುತ್ತದೆ. ಇದನ್ನೊಮ್ಮೆ ಹೇಳಿಕೊಟ್ಟರೆ ಉಳಿದುದು ಅಭ್ಯಾಸ. ಅಕ್ಷರಗಳನ್ನು ಅ, ಆ, ಇ ಎಂಬ ಕ್ರಮಕ್ಕಿಂತ ಆಕಾರಸಾಮ್ಯದಿಂದ, ಕರ್ನಾಟಕದ ಶಾಲೆಗಳಲ್ಲಿ ರೂಢಿಯಾದ ‘ರ ಗ ಸ ದ ಅ’ ಎಂಬ ಗುಂಪಿನಿಂದ ಆರಂಭಿಸಿದರೆ ಮೊದಲ ದಿನವೇ ‘ಸರ’, ‘ಅರಸ’, ‘ಗರಗಸ’ಗಳನ್ನು ಮಗು ಓದಿಬಿಡುತ್ತದೆ. ದಿನಕ್ಕೆ ಎರಡು ಅಕ್ಷರವೆಂದರೂ 49 ಅಕ್ಷರಗಳು ಮೇ ತಿಂಗಳಲ್ಲಿ ಮುಗಿದು, ಜೂನ್ ಒತ್ತಕ್ಷರಗಳಿಗೆ ಉಳಿಯುತ್ತದೆ.

ಪುಸ್ತಕಕ್ಕಾಗಿ ದೂರ ಹೋಗಬೇಕಿಲ್ಲ. 1967ರಲ್ಲಿ ಸ್ಥಾಪಿತವಾದ ಪುಣೆಯ ಬಾಲಭಾರತಿ ಸಂಸ್ಥೆಯು ಸೊಲ್ಲಾಪುರ, ಸಾಂಗಲಿಗಳ ಗಡಿಯ ಶಾಲೆಗಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಅವುಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಚಿತ್ರಸಹಿತ ಕನ್ನಡ ಕಥೆಗಳಿವೆ, ಅವಕ್ಕೂ ಬೆಲೆಯಿಲ್ಲ.

ಲೆಕ್ಕದಲ್ಲಿಯೂ ಕನ್ನಡವು ಒಂದು ಸೌಲಭ್ಯವನ್ನು ಕೊಡುತ್ತದೆ. ಮರಾಠಿಯ ‘ತ್ರೇಸಷ್ಟ’ದಲ್ಲಿ ಮೂರು ಮೊದಲು, ಅರವತ್ತು ಅನಂತರ, ಕನ್ನಡದ ‘ಅರವತ್ತಮೂರು’ ಬರೆಯುವ ಕ್ರಮದಲ್ಲೇ ಕಿವಿಗೆ ಬೀಳುತ್ತದೆ. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ರೂಪವನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕನ್ನಡದ ಅಜ್ಜಿಯರು ಆ ಕ್ರಮದಲ್ಲೇ ಮಗ್ಗಿ ಹೇಳಿಸುತ್ತ ಬಂದವರು!

ಊರಿನಲ್ಲಿ, ಇಲ್ಲಿಯೇ ಉಳಿದಲ್ಲಿ

ಊರಿಗೆ ಹೋದ ಮಕ್ಕಳಿಗೆ ಹಲಸಿನ ಹಪ್ಪಳ ಎಣಿಸುವುದು, ಸಂತೆಯಲ್ಲಿ ಚಿಲ್ಲರೆ ಲೆಕ್ಕ ಹಾಕುವುದು ಇವೇ ಪಾಠ. ಇದರ ಜೊತೆಗೆ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮರೆಯಬಾರದು. ‘ಅರಿವು ಕೇಂದ್ರ’ಗಳೆಂದು ಈಗ ಕರೆಯಲ್ಪಡುವ ಇವುಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಪುತ್ತೂರಿನ ಕಡೆಯವರು ಶಿವರಾಮ ಕಾರಂತರ ಬಾಲವನಕ್ಕೊಮ್ಮೆ ಮಕ್ಕಳನ್ನು ಕರೆದೊಯ್ಯಲಿ. 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮುಗಿಸಿದ ಸಾಹಸಿಯ ನೆಲವದು. ಒಂದು ಎಚ್ಚರಿಕೆ. ಫ್ಲ್ಯಾಟಿನಲ್ಲಿ ಬೆಳೆದ ಮಗುವಿಗೆ ಕೆರೆ, ಹೊಳೆ, ಆವರಣವಿಲ್ಲದ ಬಾವಿಗಳ ಅಂದಾಜಿರುವುದಿಲ್ಲ. ಈಜು ಬಲ್ಲ ಹಿರಿಯರೊಬ್ಬರು ಜೊತೆಗಿಲ್ಲದೆ ನೀರಿನ ಕಡೆ ಬಿಡಲೇಬಾರದು.

ಇಲ್ಲಿಯೇ ಉಳಿದವರಿಗೂ ಸ್ಥಳಗಳ ಕೊರತೆಯಿಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಐರೋಲಿಯ ಸಾಗರ ಜೀವವೈವಿಧ್ಯ ಕೇಂದ್ರದಿಂದ ಥಾಣೆ ಕೊಲ್ಲಿಯ ರಾಜಹಂಸಗಳನ್ನು ಮೇ ತಿಂಗಳಲ್ಲಿಯೂ ನೋಡಬಹುದು. ಈ ಧಾಮವು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಹೊರಗಿನ ಬೆಳಕು ಕಣ್ಣಿಗೂ ಹಿತ. ಚೀನಾದ ಗುವಾಂಗ್‌ಜೌ ನಗರದಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟಾಗ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಂಡವರ ಪ್ರಮಾಣ ಶೇಕಡಾ 39.5ರ ಬದಲು 30.4ಕ್ಕೆ ಇಳಿದುದು 2015ರಲ್ಲಿ ಪ್ರಕಟವಾಗಿದೆ. ಆದರೆ ಆಟ ಬೆಳಗ್ಗೆ ಮತ್ತು ಸಂಜೆ ಮಾತ್ರ. 2023ರ ಏಪ್ರಿಲ್ 16ರಂದು ಖಾರ್ಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿನ ಆಘಾತದಿಂದ ಸಂಭವಿಸಿದ ಸಾವುಗಳು ಸೆಕೆ ಸೇರಿದ ಬಿಸಿಲು ಎಷ್ಟು ಕ್ರೂರವೆಂದು ತೋರಿಸಿವೆ. ಬೆವರುವ ಮಗುವಿಗೆ ಉಪ್ಪು ಬೆರೆಸಿದ ಮಜ್ಜಿಗೆ ಬಣ್ಣದ ಬಾಟಲಿ ನೀರಿಗಿಂತ ಎಷ್ಟೋ ಮೇಲು.

ಕೊನೆಯದಾಗಿ, ಈ ಸಂಚಿಕೆಯನ್ನು ಓದಲಾರದವರ ಮಾತು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಕಲ್ಯಾಣದ ನಾಕಾಗಳಲ್ಲಿ, ನವಿಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ಕನ್ನಡ ಕೂಲಿಕಾರರ ಮಕ್ಕಳಿಗೆ ರಜೆಯೆಂದರೆ ಶಾಲೆಯೇ ತಪ್ಪಿಹೋಗುವ ಅಪಾಯ. ಬಿತ್ತನೆಗೆಂದು ಊರಿಗೆ ಹೋದ ಕುಟುಂಬ ಆಗಸ್ಟ್‌ನಲ್ಲಿ ಮರಳಿದಾಗ, ವರ್ಗಾವಣೆ ಪತ್ರವಿಲ್ಲವೆಂಬ ಮಾತು ಕೇಳಿಬಂದರೆ ತಂದೆ ಸುಮ್ಮನೆ ಹಿಂದಿರುಗುತ್ತಾನೆ. ಕಾಯಿದೆ ಹಾಗೆ ಹೇಳುವುದಿಲ್ಲ. ಎಂಟನೆಯ ತರಗತಿಯವರೆಗೆ, ರಾಜ್ಯದೊಳಗಾಗಲಿ ಹೊರಗಾಗಲಿ ಶಾಲೆ ಬದಲಿಸುವ ಮಗುವಿಗೆ ಮುಖ್ಯಾಧ್ಯಾಪಕರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯಿದೆಯ 5ನೆಯ ವಿಧಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದೂ ತಡೆಯುವಂತಿಲ್ಲ. ಅದು 14ನೆಯ ವಿಧಿ. ಬಡಾವಣೆಯ ಸಂಘದ ಒಬ್ಬ ಸದಸ್ಯರು ಜೂನ್ 15ರ ವಾರದಲ್ಲಿ ಇಂತಹ ತಂದೆಯ ಜೊತೆ ಪುರಸಭೆಯ ಶಾಲೆಯ ತನಕ ನಡೆದುಹೋಗಿ, ಆ ಎರಡು ವಿಧಿಗಳನ್ನು ಮರಾಠಿಯಲ್ಲಿ ವಿನಯದಿಂದ ಹೇಳಿದರೆ ಅರ್ಧ ದಿನದ ರಜೆಯಲ್ಲಿ ಕೆಲಸವಾಗುತ್ತದೆ.