ತೆರಿಗೆ ಇಳಿಕೆ ಎಲ್ಲರಿಗಾ, ಕೆಲವರಿಗಾ?

ಒಂದು ಕಾನೂನಿನ ಗಡುವು ಮುಗಿದರೆ
ಇಡೀ ದೇಶದ ತೆರಿಗೆ ಏರಿಬಿಡುತ್ತಾ?
2010ರ ಕೊನೆಯಲ್ಲಿ ಅಮೆರಿಕಕ್ಕೆ ಇದೇ ಚಿಂತೆ.

2001 ಮತ್ತು 2003ರಲ್ಲಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಆದಾಯ ತೆರಿಗೆ ಇಳಿಸಿದ್ದರು.
ಆ ಇಳಿಕೆಯ ಆಯಸ್ಸು 2010ರ ಡಿಸೆಂಬರ್ 31ರವರೆಗೆ ಅಷ್ಟೇ.

ಅಧ್ಯಕ್ಷ ಒಬಾಮಾ ಅಂದರು:
ವರ್ಷಕ್ಕೆ 2.5 ಲಕ್ಷ ಡಾಲರ್ ಒಳಗಿನ ಕುಟುಂಬಗಳಿಗೆ ಮುಂದುವರಿಸೋಣ.
ವಿರೋಧ ಪಕ್ಷದ ರಿಪಬ್ಲಿಕನ್ನರ ಪಟ್ಟು: ಕೊಟ್ಟರೆ ಎಲ್ಲರಿಗೂ ಕೊಡಿ!

ಹಲವರು ಎಡವುವುದು ಇಲ್ಲೇ.
2.5 ಲಕ್ಷದ ಗೆರೆ ದಾಟಿದರೆ ಪೂರ್ತಿ ಆದಾಯಕ್ಕೂ ಹೆಚ್ಚು ತೆರಿಗೆಯಾ?
ಅಲ್ಲ.
ಬೆಂಗಳೂರಿನ ನೀರಿನ ಬಿಲ್ ನೋಡಿ.
ಮೊದಲ ಸ್ಲ್ಯಾಬ್‌ಗೆ ಕಡಿಮೆ ದರ,
ಮೇಲೆ ಬಳಸಿದ ನೀರಿಗಷ್ಟೇ ಜಾಸ್ತಿ.
ಅಂದರೆ ಒಬಾಮಾ ಲೆಕ್ಕದಲ್ಲೂ ಕೋಟ್ಯಧಿಪತಿಗೆ
ಮೊದಲ 2.5 ಲಕ್ಷದ ರಿಯಾಯಿತಿ ಸಿಗುತ್ತಿತ್ತು.
ಕೂಗಾಟದಲ್ಲಿ ಈ ಮಾತು ಯಾರ ಕಿವಿಗೆ ಬೀಳಬೇಕು?

ಕೊನೆಗೆ ರಾಜಿ.
ಎಲ್ಲರಿಗೂ ಎರಡು ವರ್ಷ ವಿಸ್ತರಣೆ.
ಬದಲಿಗೆ ಕೆಲಸ ಕಳೆದುಕೊಂಡವರ ಭತ್ಯೆಯೂ ಮುಂದುವರಿಯಿತು.

2012ರಲ್ಲಿ ಮತ್ತೆ ಅದೇ ಜಗಳ.
2013ರ ಜನವರಿಯಲ್ಲಿ ಗೆರೆಯೇ ಮೇಲೇರಿತು:
ಒಬ್ಬರಿಗೆ 4 ಲಕ್ಷ, ದಂಪತಿಗೆ 4.5 ಲಕ್ಷ ಡಾಲರ್.
ಅದರಾಚೆಯ ಆದಾಯಕ್ಕೆ ಮಾತ್ರ
ತೆರಿಗೆ ಶೇ. 35ರಿಂದ 39.6ಕ್ಕೆ ಏರಿತು.