ಕೊಟ್ಟದ್ದು ಸಾಕೆ?

ಲೆಕ್ಕವೊಂದು ಎದುರಾದೊಡನೆ ಉತ್ತರವನ್ನು ಹುಡುಕಲು ತೊಡಗುವುದು ನಮ್ಮೆಲ್ಲರ ಅಭ್ಯಾಸ. ಆದರೆ ಉತ್ತರವನ್ನೇ ಕೇಳದ ಲೆಕ್ಕಗಳೂ ಉಂಟು. ಕೊಟ್ಟಿರುವ ಸಂಗತಿಗಳು ಉತ್ತರವನ್ನು ನಿರ್ಧರಿಸಲು ಸಾಕೆ, ಸಾಲವೆ ಎಂಬುದಷ್ಟೇ ಅವುಗಳ ಪ್ರಶ್ನೆ. 1954ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಇಂದು ಜಿಮ್ಯಾಟ್ ಎಂಬ ಹೆಸರಿನಿಂದ ನಡೆಯುತ್ತಿರುವ ಪರೀಕ್ಷೆಯಲ್ಲಿ ಇಂತಹ ಪ್ರಶ್ನೆಗಳಿಗೆ ಸ್ಥಾನವಿದೆ. ಲೆಕ್ಕ ಬಲ್ಲವರೂ ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ವ್ಯಾಪ್ತಿಗೆ ಸಂಬಂಧಿಸಿದ ಒಂದು ಉದಾಹರಣೆಯಿಂದ ಇದರ ಮರ್ಮವನ್ನು ತಿಳಿಯೋಣ. ಸಂಖ್ಯೆಗಳ ಗುಂಪಿನಲ್ಲಿ ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆದರೆ ದೊರೆಯುವುದೇ ವ್ಯಾಪ್ತಿ. 12, 7, 20, 9 ಇವುಗಳ ವ್ಯಾಪ್ತಿ 20 − 7 = 13. ನಡುವಣ ಸಂಖ್ಯೆಗಳಿಗೆ ಇದರಲ್ಲಿ ಪಾತ್ರವಿಲ್ಲ.

ಈಗ ಪ್ರಶ್ನೆ: ಒಂದಕ್ಕೊಂದು ಸಮವಲ್ಲದ ಐದು ಧನಪೂರ್ಣಾಂಕಗಳ ವ್ಯಾಪ್ತಿ ಎಷ್ಟು?

(1) ಅವುಗಳ ಮಧ್ಯಾಂಕ 3.
(2) ಅವುಗಳ ಸರಾಸರಿ 3.

ಮೊದಲು ಒಂದೊಂದು ಹೇಳಿಕೆಯನ್ನೂ ಬಿಡಿಯಾಗಿಯೇ ಪರೀಕ್ಷಿಸಬೇಕು. ಮಧ್ಯಾಂಕವೆಂದರೆ ಏರಿಕೆಯ ಕ್ರಮದಲ್ಲಿ ನಟ್ಟನಡುವೆ ನಿಲ್ಲುವ ಸಂಖ್ಯೆ. ಅದು 3 ಆದರೆ ಅದರ ಹಿಂದಿನವು 1 ಮತ್ತು 2 ಆಗಲೇಬೇಕು. ಕೆಳತುದಿ ತಿಳಿಯಿತು, ಮೇಲುತುದಿ ತಿಳಿಯಲಿಲ್ಲ. 1, 2, 3, 4, 5 ಆದರೆ ವ್ಯಾಪ್ತಿ 4. 1, 2, 3, 4, 9 ಆದರೆ 8. ಎರಡು ಬೇರೆ ಉತ್ತರಗಳು ದೊರೆತುದರಿಂದ ಮೊದಲನೆಯ ಹೇಳಿಕೆ ಸಾಲದು.

ಇನ್ನು ಅದನ್ನು ಮರೆತು ಎರಡನೆಯದಕ್ಕೆ ಬರೋಣ. ಸರಾಸರಿಯಿಂದ ತುದಿಗಳು ತಿಳಿಯುವುದುಂಟೆ ಎಂದು ಅವಸರದಲ್ಲಿ ಇದನ್ನೂ ತಳ್ಳಿಹಾಕುವವರೇ ಹೆಚ್ಚು. ಆದರೆ ಸರಾಸರಿ 3 ಆದರೆ ಮೊತ್ತ 15. ಒಂದಕ್ಕೊಂದು ಸಮವಲ್ಲದ ಐದು ಧನಪೂರ್ಣಾಂಕಗಳ ಕನಿಷ್ಠ ಮೊತ್ತವೇ 1 + 2 + 3 + 4 + 5 = 15! ಆದುದರಿಂದ ಬೇರೆ ಯಾವ ಗುಂಪಿಗೂ ಅವಕಾಶವಿಲ್ಲ. ವ್ಯಾಪ್ತಿ 4 ಎಂಬುದು ನಿಶ್ಚಿತ. ಎರಡನೆಯ ಹೇಳಿಕೆಯೊಂದೇ ಸಾಕು.

ಇಷ್ಟು ಬಲ ಅದಕ್ಕೆ ಬಂದುದು ಪ್ರಶ್ನೆಯಲ್ಲಿದ್ದ ನಿಬಂಧನೆಗಳಿಂದ. 'ಸಮವಲ್ಲದ' ಎಂಬುದನ್ನು ಬಿಟ್ಟರೆ 3, 3, 3, 3, 3 ಕೂಡ ಸಲ್ಲುತ್ತದೆ, ವ್ಯಾಪ್ತಿ 0. 'ಧನ' ಎಂಬುದನ್ನು ಬಿಟ್ಟರೆ 0, 1, 3, 5, 6 ಸಲ್ಲುತ್ತದೆ, ವ್ಯಾಪ್ತಿ 6.

ಸಾಲದೆಂದು ಹೇಳಲು ಉತ್ತರ ಬೇರೆಬೇರೆಯಾಗುವ ಎರಡು ಉದಾಹರಣೆಗಳು ಬೇಕು. ಸಾಕೆಂದು ಹೇಳಲು ಬೇರೆ ಉತ್ತರ ಅಸಾಧ್ಯವೆಂಬ ಕಾರಣ ಬೇಕು. ಇವೆರಡೂ ಕೈಯಲ್ಲಿಲ್ಲದಿರುವಾಗ ನಾವು ಕೊಡುವ ಉತ್ತರ ಬರಿಯ ಊಹೆ.